ಕಚೇರಿಯಲ್ಲಿ ಇಂದಿನ ಅಡಿಕೆ ದರ, ಮೊಬೈಲಿನಲ್ಲಿ ಹಳೆಯ ದರ: ಸರ್ವರ್ ಬದಲಿಸಿದ ಮೇಲೆ ಶುರುವಾದ ತೊಂದರೆ

ಚಾಲಿಚೀಲ (ಸಿರ್ಸಿ)
ನಮ್ಮ ಸೀಮೆಯ ಸಣ್ಣ ಸಹಕಾರಿ ಸಂಘವೊಂದರ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಜನ ನೋಡುವುದು ಒಂದೇ ಪುಟ, ಆ ದಿನದ ದರಪಟ್ಟಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಅಡಿಕೆಯ ಬಗೆಗಳು, ಕೊನೆಯಲ್ಲಿ ಕಾಳುಮೆಣಸು. ಮಿಕ್ಕ ಪುಟಗಳನ್ನು ಆಡಳಿತ ಮಂಡಳಿಯವರೂ ತೆರೆದಿರಲಿಕ್ಕಿಲ್ಲ.

ಹಳೆಯ ಸರ್ವರ್‌ನಲ್ಲಿ ಉಬುಂಟು 20.04 ಎಂಬ ಕಾರ್ಯಾಚರಣೆ ವ್ಯವಸ್ಥೆ ಇತ್ತು. ಅದರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೇ ಮುಗಿದದ್ದರಿಂದ 24.04 ಇರುವ ಬೇರೊಂದು ಬಾಡಿಗೆ ಸರ್ವರ್ ಹಿಡಿದು ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆವು. ಪುಟಗಳನ್ನು ಕಳಿಸುವ ಎನ್‌ಜಿನ್‌ಎಕ್ಸ್, ಪುಟ ಕಟ್ಟುವ ಪಿಎಚ್‌ಪಿ, ದರಗಳನ್ನು ಇಡುವ ಡೇಟಾಬೇಸ್ ಮರಿಯಾಡಿಬಿ. ಮೊದಲ ದಿನ 502 ದೋಷ ಬಂತು, ಎಂದರೆ ಎನ್‌ಜಿನ್‌ಎಕ್ಸ್‌ಗೆ ಪಿಎಚ್‌ಪಿಯಿಂದ ಉತ್ತರ ಸಿಗಲಿಲ್ಲ. ದೋಷದ ಲಾಗ್ ನೋಡಿದರೆ ಕಾನ್ಫಿಗ್ ಫೈಲಿನಲ್ಲಿ ಪಿಎಚ್‌ಪಿ 7.4ರ ಸಾಕೆಟ್ (ಎರಡೂ ಮಾತಾಡಿಕೊಳ್ಳುವ ಕೊಂಡಿ) ಹೆಸರು ಹಾಗೆಯೇ ಕುಳಿತಿತ್ತು; ಹೊಸ ಉಬುಂಟುವಿನಲ್ಲಿ ಇರುವುದು 8.3. ಅದನ್ನು ತಿದ್ದಿದ ಮೇಲೆ ಸೈಟ್ ಎದ್ದು ನಿಂತಿತು.

ಈಗಿನ ತೊಂದರೆ ಬೇರೆಯೇ. ಕಚೇರಿಯ ಕಂಪ್ಯೂಟರಿನಲ್ಲಿ ಇಂದಿನ ದರ ಕಾಣುತ್ತದೆ. ಸದಸ್ಯರ ಮೊಬೈಲಿನಲ್ಲಿ ಸರ್ವರ್ ಬದಲಿಸಿದ ದಿನದ ದರ. ಎಲ್ಲರದ್ದೂ ಅಲ್ಲ, ಕೆಲವರದ್ದು. ಅದೇ ಮೊಬೈಲನ್ನು ಕಚೇರಿಯ ವೈಫೈಗೆ ಹಾಕಿದರೆ ಇಂದಿನದು, ವೈಫೈ ತೆಗೆದರೆ ಮತ್ತೆ ಹಳೆಯದು. ನಿನ್ನೆ ಹುಲೇಕಲ್ ಕಡೆಯ ಹಿರಿಯರೊಬ್ಬರು ಕೌಂಟರಿನ ಮುಂದೆ ಮೊಬೈಲ್ ಹಿಡಿದು ನಿಂತು, ‘ನಿಮ್ಮದೇ ಸೈಟಿನಲ್ಲಿ ರಾಶಿಗೆ ಇಷ್ಟು ಹಾಕಿದ್ದೀರಿ, ಇಲ್ಲಿ ಕಡಿಮೆ ಹೇಳುತ್ತೀರಿ’ ಎಂದು ಪಟ್ಟು ಹಿಡಿದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಜೊತೆಗೆ ಬ್ರೌಸರಿನಲ್ಲಿ ಬೀಗದ ಗುರುತು ತರುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟ್ ನವೀಕರಣವೂ ಆಗುತ್ತಿಲ್ಲ. ಹಳೆಯ ಸರ್ವರ್‌ನ ಸರ್ಟಿಫಿಕೇಟ್ ಫೈಲುಗಳನ್ನೇ ನಕಲು ಮಾಡಿ ತಂದಿದ್ದೆವು, ಅದರ ಅವಧಿ ಮುಂದಿನ ವಾರ ಮುಗಿಯುತ್ತದೆ. ನವೀಕರಿಸುವ ತಂತ್ರಾಂಶ ಸರ್ಟ್‌ಬಾಟ್ ಓಡಿಸಿದರೆ ‘ಅಮಾನ್ಯ ಉತ್ತರ, 404’ (ಫೈಲ್ ಸಿಗಲಿಲ್ಲ) ಎನ್ನುತ್ತದೆ. ಎರಡಕ್ಕೂ ನಂಟಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಅಘನಾಶಿನಿ_ಚಿಪ್ಪಿ (ಕುಮಟಾ)
ಬ್ರೌಸರ್ ಕ್ಯಾಶ್, ಮೊಬೈಲ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ. ಅಳಿಸಲು ಹೇಳಿ. ಮುಗಿಯಿತು.

ಚಾಲಿಚೀಲ (ಸಿರ್ಸಿ)
ಅಳಿಸಿ ನೋಡಿದ್ದೇವೆ. ಖಾಸಗಿ ವಿಂಡೋದಲ್ಲಿಯೂ ಅದೇ. ನಮ್ಮ ಗುಮಾಸ್ತರ ಮಗಳು ಹೊಸ ಮೊಬೈಲ್ ತಂದಿದ್ದಾಳೆ, ಅದರಲ್ಲಿ ಈ ಸೈಟನ್ನು ಯಾರೂ ಎಂದೂ ತೆರೆದಿರಲಿಲ್ಲ. ಅದರಲ್ಲಿಯೂ ಹಳೆಯ ದರವೇ ಬಂತು.

ಬಂಡಿಹಬ್ಬ (ಅಂಕೋಲಾ)
ಡಿಎನ್‌ಎಸ್ (ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಬದಲಾವಣೆ ಎಲ್ಲ ಕಡೆ ಹರಡಲು 48 ಗಂಟೆ ಬೇಕು. ಕಾಯಿರಿ. ನಮ್ಮ ಅಂಗಡಿಯ ಸೈಟಿಗೂ ಹೀಗೆಯೇ ಆಗಿತ್ತು, ತನ್ನಷ್ಟಕ್ಕೆ ಸರಿಯಾಯಿತು.

ಕಾಳಿಸಂಗಮ (ಕಾರವಾರ)
ಬಂಡಿಹಬ್ಬದವರೇ, ಈ 48 ಗಂಟೆಯ ಮಾತನ್ನು ಯಾರು ಹುಟ್ಟಿಸಿದರೋ, ಎಲ್ಲ ಕಾಯಿಲೆಗೂ ಇದೇ ಕಷಾಯ. ಡಿಎನ್‌ಎಸ್ ಎಲ್ಲಿಗೂ ‘ಹರಡುವುದಿಲ್ಲ’. ಪ್ರತಿ ದಾಖಲೆಯ ಜೊತೆ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ, ಸೆಕೆಂಡುಗಳ ಲೆಕ್ಕದಲ್ಲಿ. ಒಮ್ಮೆ ಕೇಳಿ ತಿಳಿದುಕೊಂಡ ವಿಳಾಸವನ್ನು ನಡುವಿನ ಡಿಎನ್‌ಎಸ್ ಸರ್ವರ್‌ಗಳು ಅಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತವೆ. 86400 ಎಂದಿದ್ದರೆ ಒಂದು ದಿನ, 300 ಎಂದಿದ್ದರೆ ಐದು ನಿಮಿಷ. ಸಾಗಿಸುವ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿಟ್ಟರೆ ಬದಲಾವಣೆಯ ದಿನ ಯಾರೂ ಕಾಯಬೇಕಾಗಿಲ್ಲ.

ಚಾಲಿಚೀಲ, ನಿಮ್ಮದು ಎಷ್ಟಿದೆ? ಬದಲಿಸಿ ಎಷ್ಟು ದಿನವಾಯಿತು?

ಚಾಲಿಚೀಲ (ಸಿರ್ಸಿ)
ಟಿಟಿಎಲ್ 3600. ಬದಲಿಸಿ ವಾರ ಕಳೆದಿದೆ.

ಕಾಳಿಸಂಗಮ (ಕಾರವಾರ)
ಹಾಗಾದರೆ ಕಾಯುವುದಕ್ಕೆ ಅರ್ಥವಿಲ್ಲ. ಎಲ್ಲೋ ಎರಡು ಉತ್ತರಗಳು ಇವೆ.

ನಿವೃತ್ತಮೇಷ್ಟ್ರು (ಸಿದ್ದಾಪುರ)
ಒಂದು ದರಪಟ್ಟಿಗೆ ಸರ್ವರ್, ಸರ್ಟಿಫಿಕೇಟ್, ಸಾಕೆಟ್ ಎಂದು ಇಷ್ಟೆಲ್ಲ ಏಕೆ? ಬೆಳಿಗ್ಗೆ ಹತ್ತೂವರೆಗೆ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಡಿ. ನಾವು ಹಾಗೆಯೇ ಮಾಡುತ್ತೇವೆ.

ಚಾಲಿಚೀಲ (ಸಿರ್ಸಿ)
ಮೇಷ್ಟರೇ, ಗುಂಪೂ ಇದೆ. ಅಲ್ಲಿ ದರ ಹಾಕಿದ ಹತ್ತು ನಿಮಿಷದಲ್ಲಿ ಅದರ ಮೇಲೆ ಶುಭೋದಯದ ಚಿತ್ರಗಳು, ಒಂದು ತಾಳಮದ್ದಲೆಯ ಕರಪತ್ರ, ಕಳೆದುಹೋದ ಎಮ್ಮೆಯ ಫೋಟೋ. ಸಂಜೆ ಅಡಿಕೆ ಕೊಯ್ಯುವ ಕೊನೆಗೌಡರ ಲೆಕ್ಕ ಮುಗಿಸಿ ಬಂದವರು ದರ ಎಲ್ಲಿದೆ ಎಂದು ನನಗೇ ಫೋನ್ ಮಾಡುತ್ತಾರೆ. ಹಿಂದಿನ ವರ್ಷ ಇದೇ ವಾರ ಎಷ್ಟಿತ್ತು ಎಂದು ಹುಡುಕುವವರಿಗೆ ಸೈಟೇ ಬೇಕು.

ನಿವೃತ್ತಮೇಷ್ಟ್ರು (ಸಿದ್ದಾಪುರ)
ಎಮ್ಮೆ ಸಿಕ್ಕಿತೇ?

ಶರಾವತಿದಂಡೆ (ಹೊನ್ನಾವರ)
ಊಹೆ ಸಾಕು. ಚಾಲಿಚೀಲ, ಇಷ್ಟು ಮಾಡಿ. ಹೊಸ ಸರ್ವರ್‌ಗೆ ಲಾಗಿನ್ ಆಗಿ ಎನ್‌ಜಿನ್‌ಎಕ್ಸ್‌ನ ಆಕ್ಸೆಸ್ ಲಾಗನ್ನು (ಯಾರು ಯಾವ ಪುಟ ಕೇಳಿದರೆಂಬ ದಾಖಲೆ) ಟೇಲ್ ಆದೇಶಕ್ಕೆ -ಎಫ್ ಕೊಟ್ಟು ತೆರೆದಿಡಿ. ಹೊಸ ಸಾಲು ಬಂದ ಹಾಗೆ ಪರದೆಯ ಮೇಲೆ ಇಳಿಯುತ್ತ ಹೋಗುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಸೈಟ್ ತೆರೆಯಿರಿ, ಸಾಲು ಬರುತ್ತದೆಯೇ ನೋಡಿ. ಆಮೇಲೆ ಗುಮಾಸ್ತರ ಮಗಳ ಮೊಬೈಲಿನಲ್ಲಿ, ವೈಫೈ ತೆಗೆದು, ದರಪಟ್ಟಿಯ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಯಾವುದಾದರೂ ಒಂದು ಸಂಖ್ಯೆ ಸೇರಿಸಿ ತೆರೆಯಿರಿ. ಆ ಸಂಖ್ಯೆ ಲಾಗಿನಲ್ಲಿ ಕಾಣುತ್ತದೆಯೇ?

ಇನ್ನೊಂದು, ಸರ್ಟ್‌ಬಾಟ್ ಕೊಟ್ಟ ದೋಷದ ಸಂದೇಶವನ್ನು ಪೂರ್ತಿ ಹಾಕಿ. ‘404 ಎನ್ನುತ್ತದೆ’ ಎಂದರೆ ಸಾಲದು. ಆ ಸಂದೇಶದಲ್ಲಿ ಒಂದು ವಿಳಾಸವೂ ಇರುತ್ತದೆ. ಎಲ್ಲರೂ 404 ನೋಡಿ ಅಲ್ಲಿಗೆ ಓದುವುದನ್ನು ನಿಲ್ಲಿಸುತ್ತಾರೆ.

ಮತ್ತೆ ಮತ್ತೆ ನಿಜವಾದ ನವೀಕರಣ ಓಡಿಸಬೇಡಿ. ಒಂದು ಗಂಟೆಯಲ್ಲಿ ಒಂದು ಹೆಸರಿಗೆ ಐದು ಸಲ ಪರಿಶೀಲನೆ ವಿಫಲವಾದರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. ಡ್ರೈ-ರನ್ (ಬರೀ ತಾಲೀಮು) ಆಯ್ಕೆ ಕೊಟ್ಟು ಪರೀಕ್ಷಿಸಿ.

ಯಾಣದಬಂಡೆ (ಕುಮಟಾ)
ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ಬಿಟ್ಟು ಎನ್‌ಜಿನ್‌ಎಕ್ಸ್‌ಗೆ ಹೋದವರಿಗೆಲ್ಲ ಇದೇ ಗತಿ. 1995ರಿಂದ ಜಗತ್ತನ್ನು ಹೊತ್ತ ಸರ್ವರ್ ಅದು.

ಕಾಳಿಸಂಗಮ (ಕಾರವಾರ)
ಅವರು ಮೊದಲಿನಿಂದಲೂ ಎನ್‌ಜಿನ್‌ಎಕ್ಸ್‌ನಲ್ಲಿಯೇ ಇದ್ದರು ಎಂದು ಕಾಣುತ್ತದೆ. ಓದಿ ಬರೆಯಿರಿ ಮಾರಾಯರೇ.

ಯಾಣದಬಂಡೆ (ಕುಮಟಾ)
ಓದಿಯೇ ಬರೆದಿದ್ದೇನೆ. ಸಾಮಾನ್ಯ ಮಾತು ಹೇಳಿದೆ. ಸಣ್ಣ ಸಂಘ, ಶಾಲೆ, ದೇವಸ್ಥಾನದ ಸೈಟಿಗೆ ಅಪಾಚೆಯೇ ಸರಿ. ಫೋಲ್ಡರಿನೊಳಗೆ ಅದರ ನಿಯಮ ಬರೆದ ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಹಾಕಿದರೆ ಕೆಲಸ ಮುಗಿಯಿತು. ಸರ್ವರ್ ಮರುಪ್ರಾರಂಭ ಬೇಡ, ಯಾರನ್ನೂ ಕೇಳುವುದು ಬೇಡ.

ಕಾಳಿಸಂಗಮ (ಕಾರವಾರ)
ಆ ಅನುಕೂಲವೇ ಅಪಾಯ. ಎನ್‌ಜಿನ್‌ಎಕ್ಸ್ ಆ ಫೈಲನ್ನು ಓದುವುದೇ ಇಲ್ಲ. ಓದುವುದಿಲ್ಲ ಎಂದು ದೂರುವುದೂ ಇಲ್ಲ. ಅಪಾಚೆಯಿಂದ ಸಾಗಿಸಿದವರು ‘ಈ ಫೋಲ್ಡರನ್ನು ಯಾರಿಗೂ ತೋರಿಸಬೇಡ’ ಎಂದು ಅದರಲ್ಲಿ ಬರೆದಿಟ್ಟಿದ್ದರೆ, ಹೊಸ ಸರ್ವರ್‌ನಲ್ಲಿ ಅದು ಊರಿಗೆಲ್ಲ ತೆರೆದುಕೊಂಡಿರುತ್ತದೆ. ಒಂದು ಸಂಸ್ಥೆಯ ಡೇಟಾಬೇಸ್ ಬ್ಯಾಕಪ್ ಹೀಗೆ ಹೊರಗೆ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಇಗೋರ್ ಸಿಸೋಯೆವ್ 2004ರಲ್ಲಿ ಎನ್‌ಜಿನ್‌ಎಕ್ಸ್ ಬಿಡುಗಡೆ ಮಾಡಿದ್ದು ಒಂದೇ ಯಂತ್ರದಲ್ಲಿ ಹತ್ತು ಸಾವಿರ ಸಂಪರ್ಕಗಳನ್ನು ಒಟ್ಟಿಗೆ ತಾಳಬೇಕು ಎಂಬ ಹಟಕ್ಕೆ. ಸಿರ್ಸಿಯ ಅಡಿಕೆ ದರಕ್ಕೆ ಅಷ್ಟು ಬೇಕಿಲ್ಲ, ಒಪ್ಪುತ್ತೇನೆ.

ಯಾಣದಬಂಡೆ (ಕುಮಟಾ)
ಕೊನೆಯ ಸಾಲಿಗೆ ಧನ್ಯವಾದ. ಅದನ್ನೇ ಹೇಳುತ್ತಿದ್ದೆ.

ಚಾಲಿಚೀಲ (ಸಿರ್ಸಿ)
ಶರಾವತಿ ಅಕ್ಕ, ನೀವು ಹೇಳಿದಂತೆ ಮಾಡಿದೆ. ಕಂಪ್ಯೂಟರಿನಿಂದ ತೆರೆದಾಗ ಸಾಲು ಟಕ್ಕೆಂದು ಬಂತು. ಮೊಬೈಲ್ ಡೇಟಾದಿಂದ ತೆರೆದಾಗ ಲಾಗಿನಲ್ಲಿ ಒಂದು ಸಾಲೂ ಇಲ್ಲ. ಮೊಬೈಲಿನಲ್ಲಿ ಪುಟ ಪೂರ್ತಿ ಬಂದಿದೆ, ಬೀಗದ ಗುರುತೂ ಇದೆ, ದರ ಮಾತ್ರ ಹಳೆಯದು. ಗುಮಾಸ್ತರು ನನ್ನ ಹಿಂದೆ ನಿಂತು ನೋಡುತ್ತಿದ್ದರು, ‘ಭೂತ ಹೊಕ್ಕಿದೆ’ ಎಂದರು.

ಸರ್ಟ್‌ಬಾಟ್ ಸಂದೇಶದಲ್ಲಿ 404ರ ಮುಂಚೆ 2400 ಎಂದು ಶುರುವಾಗಿ, ನಡುನಡುವೆ ಎರಡು ಚುಕ್ಕೆಗಳ ಗುರುತಿರುವ ಉದ್ದನೆಯ ವಿಳಾಸವಿದೆ. ನಾಲ್ಕು ಸಂಖ್ಯೆಗಳ ನಮ್ಮ ವಿಳಾಸ ಅದಲ್ಲ.

ಶರಾವತಿದಂಡೆ (ಹೊನ್ನಾವರ)
ಸಿಕ್ಕಿತು. ಅದು ಐಪಿವಿ6 ಎಂಬ ಹೊಸ ಬಗೆಯ ಉದ್ದ ವಿಳಾಸ; ನಾಲ್ಕು ಸಂಖ್ಯೆಗಳದ್ದು ಹಳೆಯ ಬಗೆ, ಐಪಿವಿ4. ಡೊಮೇನಿನ (ಸೈಟಿನ ಹೆಸರಿನ) ಡಿಎನ್‌ಎಸ್ ಪಟ್ಟಿ ತೆರೆದು ನೋಡಿ. ಐಪಿವಿ4 ವಿಳಾಸದ ‘ಎ’ ದಾಖಲೆ ಹೊಸ ಸರ್ವರ್‌ಗೆ ತೋರಿಸುತ್ತಿರುತ್ತದೆ. ಅದರ ಕೆಳಗೆ ನಾಲ್ಕು ‘ಎ’ಗಳ ಇನ್ನೊಂದು ದಾಖಲೆ ಇರಬೇಕು, ಐಪಿವಿ6 ವಿಳಾಸದ್ದು, ಕ್ವಾಡ್ ಎ ಎನ್ನುತ್ತಾರೆ. ಅದು ಇನ್ನೂ ಹಳೆಯ ಸರ್ವರ್‌ಗೇ ತೋರಿಸುತ್ತಿದೆ. ಹಳೆಯ ಸರ್ವರ್ ಇನ್ನೂ ಚಾಲೂ ಇದೆ, ಅಲ್ಲವೇ?

ಚಾಲಿಚೀಲ (ಸಿರ್ಸಿ)
ಹೌದು. ತಿಂಗಳ ಕೊನೆಯವರೆಗೆ ಬಾಡಿಗೆ ಕಟ್ಟಿದೆ, ಇರಲಿ ಎಂದು ಬಿಟ್ಟಿದ್ದೆವು.

ಶರಾವತಿದಂಡೆ (ಹೊನ್ನಾವರ)
ಹಾಗಾದರೆ ಎಲ್ಲವೂ ಹೊಂದುತ್ತದೆ. ನಿಮ್ಮ ಕಚೇರಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ4 ಮಾತ್ರ ಇದೆ, ಆದ್ದರಿಂದ ‘ಎ’ ದಾಖಲೆ ಹಿಡಿದು ಹೊಸ ಸರ್ವರ್‌ಗೆ ಹೋಗುತ್ತದೆ. ಮೊಬೈಲ್ ಜಾಲಗಳಲ್ಲಿ ಕೆಲವು ಐಪಿವಿ6 ಕೊಡುತ್ತವೆ. ಎರಡೂ ವಿಳಾಸ ಸಿಕ್ಕರೆ ಮೊಬೈಲ್ ಐಪಿವಿ6ನ್ನೇ ಮೊದಲು ಹಿಡಿಯುತ್ತದೆ, ಹಳೆಯ ಸರ್ವರ್‌ಗೆ ಹೋಗಿ ಅಲ್ಲಿಯ ಡೇಟಾಬೇಸಿನಲ್ಲಿ ನಿಂತುಹೋದ ದರವನ್ನು ತರುತ್ತದೆ. ಸರ್ಟಿಫಿಕೇಟ್ ಎರಡೂ ಕಡೆ ಒಂದೇ ಆದ್ದರಿಂದ ಬೀಗದ ಗುರುತು ಸರಿಯಾಗಿಯೇ ಇರುತ್ತದೆ. ಆದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ.

ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಕ್ವಾಡ್ ಎ ಇದ್ದರೆ ಐಪಿವಿ6ನಲ್ಲಿಯೇ ಮೊದಲು ಬರುತ್ತದೆ. ಸೈಟ್ ನಿಮ್ಮದೇ ಎಂದು ತೋರಿಸಲು ಸರ್ಟ್‌ಬಾಟ್ ಪರೀಕ್ಷೆಯ ಫೈಲನ್ನು ಇಟ್ಟದ್ದು ಹೊಸ ಸರ್ವರ್‌ನಲ್ಲಿ, ಅವರು ಹುಡುಕಿದ್ದು ಹಳೆಯದರಲ್ಲಿ. ಸಿಗುವುದು 404. ಆ ಸಂಪರ್ಕವೇ ಆಗದೆ ಕಾಲಮಿತಿ ಮೀರಿದ್ದರೆ ಐಪಿವಿ4ನಲ್ಲಿ ಇನ್ನೊಮ್ಮೆ ನೋಡುತ್ತಿದ್ದರು. ಇಲ್ಲಿ ಹಳೆಯ ಸರ್ವರ್ ಠೀವಿಯಿಂದ ಉತ್ತರ ಕೊಟ್ಟುಬಿಟ್ಟಿದೆ.

ಬೇಕಾದರೆ ಐಪಿವಿ6 ಇರುವ ಕಡೆಯಿಂದ ಕರ್ಲ್ ಆದೇಶಕ್ಕೆ ಒಮ್ಮೆ -4, ಒಮ್ಮೆ -6 ಕೊಟ್ಟು ದರಪಟ್ಟಿ ತರಿಸಿ ನೋಡಿ. ಎರಡು ಬೇರೆ ದರ ಬರುತ್ತದೆ.

ಅಘನಾಶಿನಿ_ಚಿಪ್ಪಿ (ಕುಮಟಾ)
ಆಹಾ. ಕ್ಯಾಶ್ ಎಂದವರ ಬಾಯಿ ಮುಚ್ಚಿಸಿದಿರಿ ಅಕ್ಕ.

ಬಂಡಿಹಬ್ಬ (ಅಂಕೋಲಾ)
ಕ್ವಾಡ್ ಎ ಅಳಿಸಿಬಿಡಿ. ಐಪಿವಿ6 ನಮ್ಮ ಊರಿಗೆ ಏಕೆ?

ಕಾಳಿಸಂಗಮ (ಕಾರವಾರ)
ನಿಮ್ಮ ಊರಿನ ಮೊಬೈಲುಗಳು ದಿನವೂ ಅದರಲ್ಲಿಯೇ ಓಡುತ್ತಿವೆ. ಐಪಿವಿ6 ಬಳಕೆಯಲ್ಲಿ ಭಾರತ ಮುಂದಿನ ಸಾಲಿನಲ್ಲಿದೆ, ಅದಕ್ಕೆ ಕಾರಣ ಮೊಬೈಲ್ ಜಾಲಗಳೇ. ಅಳಿಸುವ ಬದಲು ಹೊಸ ಸರ್ವರ್‌ನ ಐಪಿವಿ6 ವಿಳಾಸ ಹಾಕುವುದು ಸರಿ.

ಶರಾವತಿದಂಡೆ (ಹೊನ್ನಾವರ)
ಸರ್ಟಿಫಿಕೇಟಿಗೆ ಒಂದು ವಾರವೂ ಇಲ್ಲ. ಇಂದು ಅಳಿಸಲಿ, ನವೀಕರಣ ಆಗಲಿ. ಹೊಸ ವಿಳಾಸವನ್ನು ನಾಳೆ ನಿಧಾನವಾಗಿ ಹಾಕಲಿ. ತತ್ವಕ್ಕಾಗಿ ಕೌಂಟರಿನಲ್ಲಿ ಜಗಳ ಮುಂದುವರಿಸುವುದು ಬೇಡ.

ಚಾಲಿಚೀಲ (ಸಿರ್ಸಿ)
ಅಳಿಸುವುದಕ್ಕೂ ದಾರಿ ಇಲ್ಲ ಅಕ್ಕ. ಡೊಮೇನ್ ಇರುವುದು ಹಿಂದೆ ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿ. ಅವರು ಈಗ ಬೆಂಗಳೂರಿನಲ್ಲಿದ್ದಾರೆ. ನಮ್ಮ ಕಾರ್ಯದರ್ಶಿಯವರು ಫೋನಿನಲ್ಲಿ ಹೊಸ ಐಪಿ ಹೇಳಿದ್ದರು, ಅವರು ಅದೊಂದನ್ನು ಬದಲಿಸಿ ಮುಗಿಯಿತು ಎಂದಿದ್ದರು. ಈಗ ಫೋನ್ ಎತ್ತುತ್ತಿಲ್ಲ.

ನಿವೃತ್ತಮೇಷ್ಟ್ರು (ಸಿದ್ದಾಪುರ)
ನನಗೆ ಸರ್ವರ್ ತಿಳಿಯುವುದಿಲ್ಲ, ಸಹಕಾರಿ ಸಂಘ ತಿಳಿಯುತ್ತದೆ. ತೋಟ ನಮ್ಮದು, ಪಹಣಿ ಪಕ್ಕದ ಮನೆಯವರ ಹೆಸರಿನಲ್ಲಿ ಎಂಬಂತಾಯಿತು ಇದು. ಮುಂದಿನ ಸಭೆಯಲ್ಲಿ ಠರಾವು ಮಾಡಿ ಡೊಮೇನನ್ನು ಸಂಘದ ಹೆಸರಿಗೆ, ಸಂಘದ ಇಮೇಲಿಗೆ ವರ್ಗಾಯಿಸಿಕೊಳ್ಳಿ. ಗುಪ್ತಪದವನ್ನು ಕಾರ್ಯದರ್ಶಿಯ ಕಪಾಟಿನಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿಡಿ.

ಶರಾವತಿದಂಡೆ (ಹೊನ್ನಾವರ)
ಮೇಷ್ಟರು ಈ ಚರ್ಚೆಯ ಅತ್ಯಂತ ಉಪಯುಕ್ತ ಮಾತು ಹೇಳಿದ್ದಾರೆ.

ಚಾಲಿಚೀಲ, ಅಲ್ಲಿಯವರೆಗೆ ತಾತ್ಕಾಲಿಕ ದಾರಿ ಇದೆ. ಹಳೆಯ ಸರ್ವರ್ ನಿಮ್ಮ ಕೈಯಲ್ಲಿ ಇದೆಯಲ್ಲ? ಅದರ ಎನ್‌ಜಿನ್‌ಎಕ್ಸ್‌ನಲ್ಲಿ ಸೈಟನ್ನು ತೆಗೆದು, ಬಂದ ವಿನಂತಿಯನ್ನೆಲ್ಲ ಪ್ರಾಕ್ಸಿ ಪಾಸ್ ಮೂಲಕ ಹೊಸ ಸರ್ವರ್‌ನ ಐಪಿವಿ4 ವಿಳಾಸಕ್ಕೆ ದಾಟಿಸಿ. ಎಚ್‌ಟಿಟಿಪಿಯ ಪೋರ್ಟ್ 80, ಎಚ್‌ಟಿಟಿಪಿಎಸ್‌ನ ಪೋರ್ಟ್ 443, ಎರಡನ್ನೂ. ಕೇಳಿದ ಸೈಟಿನ ಹೆಸರಿರುವ ಹೋಸ್ಟ್ ಹೆಡರನ್ನು ಹಾಗೆಯೇ ದಾಟಿಸಬೇಕು, ಮರೆತರೆ ಹೊಸ ಸರ್ವರ್‌ಗೆ ಯಾವ ಸೈಟ್ ಎಂದು ತಿಳಿಯುವುದಿಲ್ಲ. ಮೊಬೈಲಿನವರಿಗೆ ಹೊಸ ದರ ಸಿಗುತ್ತದೆ, ಸರ್ಟಿಫಿಕೇಟ್ ಪರೀಕ್ಷೆಯೂ ಪಾಸಾಗುತ್ತದೆ. ನವೀಕರಣವಾದ ಮೇಲೆ ಹೊಸ ಸರ್ಟಿಫಿಕೇಟನ್ನು ಹಳೆಯ ಸರ್ವರ್‌ಗೂ ನಕಲು ಮಾಡಿ, ಮೊಬೈಲಿನವರು ಮೊದಲು ಮುಟ್ಟುವುದು ಅದನ್ನೇ.

ಆದರೆ ಅದಕ್ಕೂ ಮೊದಲು ಒಂದು ಕೆಲಸ. ನಿಮ್ಮ ಸೈಟಿನಲ್ಲಿ ಸದಸ್ಯರು ಏನಾದರೂ ಬರೆದು ಕಳಿಸುವ ಪುಟ ಇದೆಯೇ?

ಚಾಲಿಚೀಲ (ಸಿರ್ಸಿ)
ಇದೆ. ಗೊಬ್ಬರದ ಬೇಡಿಕೆ ಮತ್ತು ಸಾಲದ ವಿಚಾರಣೆ.

ಶರಾವತಿದಂಡೆ (ಹೊನ್ನಾವರ)
ಈ ವಾರವಿಡೀ ಮೊಬೈಲಿನಿಂದ ಬಂದ ಬೇಡಿಕೆಗಳಲ್ಲಿ ಒಂದು ಭಾಗ ಹಳೆಯ ಡೇಟಾಬೇಸಿನಲ್ಲಿ ಕುಳಿತಿರುತ್ತದೆ. ಅದನ್ನು ತೆಗೆದಿಟ್ಟುಕೊಳ್ಳದೆ ತಿಂಗಳ ಕೊನೆಗೆ ಸರ್ವರ್ ಬಿಟ್ಟಿದ್ದರೆ ಶಾಶ್ವತವಾಗಿ ಹೋಗುತ್ತಿತ್ತು. ಇಡೀ ಡೇಟಾಬೇಸನ್ನು ಹೊಸದರ ಮೇಲೆ ಸುರಿಯಬೇಡಿ ಮತ್ತೆ! ಸಾಗಿಸಿದ ದಿನದ ನಂತರದ ಸಾಲುಗಳನ್ನು ಮಾತ್ರ ಹೊರತೆಗೆದು ಸೇರಿಸಿ. ಕ್ರಮಸಂಖ್ಯೆಗಳು ಎರಡೂ ಕಡೆ ಒಂದೇ ಬಂದಿರುತ್ತವೆ, ಆ ಕಾಲಂ ಬಿಟ್ಟು ಸೇರಿಸಿ.

ಚಾಲಿಚೀಲ (ಸಿರ್ಸಿ)
ಅಯ್ಯೋ. ಗೊಬ್ಬರ ಕೇಳಿದರೂ ಯಾರೂ ಫೋನ್ ಮಾಡಲಿಲ್ಲ ಎಂದು ಇಬ್ಬರು ದೂರಿದ್ದರು. ನಾವು ಅವರು ಕಳಿಸಿಯೇ ಇಲ್ಲ ಎಂದುಕೊಂಡಿದ್ದೆವು. ನೋಡುತ್ತೇನೆ.

ಚಂಡೆಪೆಟ್ಟು (ಸಿದ್ದಾಪುರ)
ನಡುವೆ ನನ್ನದೊಂದು. ನಾನು ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಟೈಪ್ ಮಾಡಿ ಒಂದು ಸೈಟಿನಲ್ಲಿ ಇಟ್ಟಿದ್ದೇನೆ. ಸರ್ವರ್ ಬದಲಿಸಿದಾಗ ಕನ್ನಡವೆಲ್ಲ ಹೋಯಿತು. ಕೆಲವು ಪುಟಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇನ್ನು ಕೆಲವು ಪುಟಗಳಲ್ಲಿ ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷ್ ‘ಎ’ ಅಕ್ಷರ ಮತ್ತೆ ಮತ್ತೆ. ವರ್ಷಗಟ್ಟಲೆ ಕುಳಿತು ಮಾಡಿದ ಕೆಲಸ. ಏನಾದರೂ ಉಳಿದಿದೆಯೇ?

ಕಾಳಿಸಂಗಮ (ಕಾರವಾರ)
ಎರಡೂ ಒಂದೇ ಕಾಯಿಲೆಯಲ್ಲ, ಗಾಬರಿಯಾಗಬೇಡಿ. ಓರೆ ಗೀಟಿನ ‘ಎ’ ಬರುವ ಪುಟಗಳಲ್ಲಿ ನಿಮ್ಮ ಕನ್ನಡ ಪೂರ್ತಿ ಇದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಅಕ್ಷರ ಯಾವುದಾದರೂ ಮೊದಲ ಬೈಟ್ ಒಂದೇ. ಅದನ್ನು ಯಾರೋ ಯುರೋಪಿನ ಅಕ್ಷರಗಳ ಲ್ಯಾಟಿನ್1 ಸಂಕೇತ ಎಂದು ತಪ್ಪಾಗಿ ಓದಿದರೆ ಆ ಮೊದಲ ಬೈಟ್ ಪ್ರತಿ ಸಲವೂ ಗೀಟಿನ ‘ಎ’ ಆಗಿ ಕಾಣುತ್ತದೆ. ಓದುವ ಕನ್ನಡಕ ಬದಲಿಸಿದರೆ ಮರಳಿ ಬರುತ್ತದೆ.

ಪ್ರಶ್ನಾರ್ಥಕ ಚಿಹ್ನೆ ಬಂದ ಕಡೆ ಮಾತ್ರ ಕಷ್ಟ. ಅಲ್ಲಿ ಕನ್ನಡವನ್ನು ಇಟ್ಟುಕೊಳ್ಳಲಾರದ ಕಾಲಂಗೆ ಬರೆಯಲು ಹೋದಾಗ ಡೇಟಾಬೇಸ್ ಒಂದೊಂದು ಚಿಹ್ನೆಯ ಜಾಗದಲ್ಲಿ ನಿಜವಾಗಿಯೇ ಪ್ರಶ್ನಾರ್ಥಕವನ್ನು ಬರೆದಿದೆ. ಆ ಪ್ರತಿಯಿಂದ ಮರಳಿ ಬರುವುದಿಲ್ಲ. ಹಳೆಯ ಸರ್ವರ್ ಇದೆಯೇ? ಇದ್ದರೆ ಅದನ್ನು ಮುಟ್ಟದೆ, ಡಂಪ್ (ಡೇಟಾಬೇಸಿನ ನಕಲು) ತೆಗೆಯುವಾಗ ಅಕ್ಷರಸಮೂಹ ಯುಟಿಎಫ್8ಎಂಬಿ4 (ಪೂರ್ತಿ ಯುಟಿಎಫ್-8) ಎಂದು ಸ್ಪಷ್ಟವಾಗಿ ಹೇಳಿ ಇನ್ನೊಮ್ಮೆ ತೆಗೆಯಿರಿ. ಹೊಸ ಕಡೆ ಡೇಟಾಬೇಸ್, ಟೇಬಲ್, ಸಂಪರ್ಕ ಮೂರೂ ಅದೇ ಇರಲಿ. ಮೈಎಸ್‌ಕ್ಯುಎಲ್ ಡೇಟಾಬೇಸಿನ 8.0ಕ್ಕಿಂತ ಹಿಂದಿನ ಆವೃತ್ತಿಗಳು ನಾವಾಗಿ ಹೇಳದಿದ್ದರೆ ಲ್ಯಾಟಿನ್1 ಎಂದೇ ಹಿಡಿಯುತ್ತಿದ್ದವು. ಹಳೆಯ ಸೈಟುಗಳ ಪಾಡೆಲ್ಲ ಅಲ್ಲಿಂದಲೇ.

ಚಂಡೆಪೆಟ್ಟು (ಸಿದ್ದಾಪುರ)
ಹಳೆಯದು ಇನ್ನೂ ಇದೆ! ಇಂದು ರಾತ್ರಿಯೇ ಕೂರುತ್ತೇನೆ.

ನಿವೃತ್ತಮೇಷ್ಟ್ರು (ಸಿದ್ದಾಪುರ)
ಇದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೋ ಯೂನಿಕೋಡೋ? ನನ್ನ ಹಳೆಯ ನುಡಿ ಫೈಲುಗಳು ಎಲ್ಲಿ ತೆರೆದರೂ ಇಂಗ್ಲಿಷ್ ಅಕ್ಷರಗಳ ರಾಶಿ.

ಕಾಳಿಸಂಗಮ (ಕಾರವಾರ)
ಅದು ಸರ್ವರ್ ತೊಂದರೆಯಲ್ಲ ಮೇಷ್ಟರೇ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗೆ ಇರುವುದೇ ಇಂಗ್ಲಿಷ್ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ.

ಮಾಗೋಡುಜೋಗ (ಯಲ್ಲಾಪುರ)
ಬಾಡಿಗೆ ಸರ್ವರ್ ಏಕೆ ಎಂದು ನನ್ನ ಪ್ರಶ್ನೆ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೇನೆ, ಮನೆಯೊಳಗೆ ಚೆನ್ನಾಗಿ ಬರುತ್ತದೆ. ರೌಟರಿನಲ್ಲಿ ಪೋರ್ಟ್ 80, 443 ತೆರೆದಿದ್ದೇನೆ. ಹೊರಗಿನಿಂದ ಮಾತ್ರ ಬರುವುದಿಲ್ಲ.

ಶರಾವತಿದಂಡೆ (ಹೊನ್ನಾವರ)
ರೌಟರಿನ ಪುಟದಲ್ಲಿ ಹೊರಗಿನ ಐಪಿ ಏನೆಂದು ನೋಡಿ. 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಅದು ನಿಮ್ಮ ಸ್ವಂತ ವಿಳಾಸವಲ್ಲ. ಐಪಿವಿ4 ವಿಳಾಸಗಳು ಸಾಲದೆ ಕಂಪನಿಗಳು ಬಹಳ ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸುತ್ತವೆ, 2012ರಲ್ಲಿ ಅದಕ್ಕೆಂದೇ ಮೀಸಲಿಟ್ಟ ಸಾಲು ಅದು. ನೀವು ಬಾಗಿಲು ತೆರೆದದ್ದು ನಿಮ್ಮ ಕೋಣೆಗೆ, ಹೆಬ್ಬಾಗಿಲು ಅವರ ಕೈಯಲ್ಲಿದೆ. ಸ್ಥಿರ ಐಪಿ ಕೇಳಿ ಕೊಳ್ಳಿ, ಇಲ್ಲವೇ ಐಪಿವಿ6 ಕೊಟ್ಟಿದ್ದರೆ ಅದರಲ್ಲಿ ತೆರೆಯಿರಿ. ಆಗ ಐಪಿವಿ4 ಮಾತ್ರ ಇರುವವರಿಗೆ ಕಾಣುವುದಿಲ್ಲ.

ಬಂಡಿಹಬ್ಬ (ಅಂಕೋಲಾ)
ಯಲ್ಲಾಪುರದಲ್ಲಿ ಮನೆಯ ಸರ್ವರ್! ಆಷಾಢದಲ್ಲಿ ಕರೆಂಟ್ ಹೋದರೆ ಮೂರು ದಿನಕ್ಕೆ ಬರುತ್ತದೆ.

ಮಾಗೋಡುಜೋಗ (ಯಲ್ಲಾಪುರ)
ಇನ್ವರ್ಟರ್ ಇದೆ ಸ್ವಾಮಿ.

ಬಂಡಿಹಬ್ಬ (ಅಂಕೋಲಾ)
ಸಿಡಿಲಿಗೆ?

ಮಾಗೋಡುಜೋಗ (ಯಲ್ಲಾಪುರ)
ಸಿಡಿಲಿಗೆ ವೈರ್ ಕಿತ್ತಿಡುತ್ತೇವೆ.

ಅಘನಾಶಿನಿ_ಚಿಪ್ಪಿ (ಕುಮಟಾ)
ಸೈಟ್ ನೋಡುವವರು ಮೊದಲು ಮೋಡ ನೋಡಿಕೊಳ್ಳಬೇಕು ಎಂದಾಯಿತು.

ಚಾಲಿಚೀಲ (ಸಿರ್ಸಿ)
ವರದಿ. ಹಳೆಯ ಡೇಟಾಬೇಸಿನಲ್ಲಿ ಗೊಬ್ಬರದ ಬೇಡಿಕೆಗಳು ನಿಜಕ್ಕೂ ಸಿಕ್ಕವು, ಸಾಲದ ವಿಚಾರಣೆಯೂ. ಎಲ್ಲವನ್ನೂ ಹೊರತೆಗೆದು ಹೊಸದಕ್ಕೆ ಸೇರಿಸಿ, ಕಾರ್ಯದರ್ಶಿಯವರ ಮುಂದೆ ಅಚ್ಚು ಹಾಕಿ ಇಟ್ಟಿದ್ದೇನೆ. ಆಮೇಲೆ ಪ್ರಾಕ್ಸಿ ಹಾಕಿದೆ. ಡ್ರೈ-ರನ್ ಪಾಸಾಯಿತು, ನಿಜವಾದ ನವೀಕರಣವೂ ಆಯಿತು, ನಕಲು ಹಳೆಯದಕ್ಕೆ ಹೋಯಿತು. ಗುಮಾಸ್ತರ ಮಗಳ ಮೊಬೈಲಿನಲ್ಲಿ ಇಂದಿನ ದರ ಬಂದಿದೆ.

ಬೆಂಗಳೂರಿನವರು ಇಂದು ಬೆಳಿಗ್ಗೆ ಫೋನ್ ಎತ್ತಿ ಕ್ವಾಡ್ ಎಗೆ ಹೊಸ ಸರ್ವರ್‌ನ ಐಪಿವಿ6 ಹಾಕಿದರು. ಅದಾದ ಗಂಟೆಯ ಮೇಲೆ ಇನ್ನೊಂದು ವಿಚಿತ್ರ. ಮೊಬೈಲಿನಲ್ಲಿ ಎಚ್‌ಟಿಟಿಪಿಎಸ್ ಸರಿ ಇದೆ. ಬರೀ ಎಚ್‌ಟಿಟಿಪಿ ಹಾಕಿದರೆ ನಮ್ಮ ಸೈಟ್ ಬದಲು ಎನ್‌ಜಿನ್‌ಎಕ್ಸ್‌ನ ಸ್ವಾಗತದ ಬಿಳಿ ಪುಟ.

ಶರಾವತಿದಂಡೆ (ಹೊನ್ನಾವರ)
ನಿಮ್ಮ ಸೈಟಿನ ಕಾನ್ಫಿಗ್ ಫೈಲಿನಲ್ಲಿ ಲಿಸನ್ 80, ಲಿಸನ್ 443 ಎಂದಷ್ಟೇ ಇರಬೇಕು. ಅದು ಐಪಿವಿ4ಗೆ ಮಾತ್ರ. ಉಬುಂಟು ಜೊತೆಗೆ ಬರುವ ಡಿಫಾಲ್ಟ್ ಸೈಟಿನಲ್ಲಿ ಐಪಿವಿ6ರ ಸಾಲೂ ಇದೆ, ಹೀಗಾಗಿ ಐಪಿವಿ6ನಲ್ಲಿ 80ಕ್ಕೆ ಬಂದವರೆಲ್ಲ ಅದರ ಪಾಲು. 443ರಲ್ಲಿ ಐಪಿವಿ6ಗೆ ಕಿವಿಗೊಡುವವರೇ ಇಲ್ಲದ್ದರಿಂದ ಮೊಬೈಲ್ ಸುಮ್ಮನೆ ಐಪಿವಿ4ಗೆ ತಿರುಗಿಕೊಳ್ಳುತ್ತಿದೆ, ಅದಕ್ಕೇ ಸರಿ ಕಾಣುತ್ತಿದೆ.

ಲಿಸನ್ ಸಾಲಿನ ಕೆಳಗೆ ಇನ್ನೊಂದು ಲಿಸನ್ ಬರೆಯಿರಿ: ಚೌಕ ಆವರಣದೊಳಗೆ ಎರಡು ಕೋಲನ್, ಆವರಣದ ಹೊರಗೆ ಒಂದು ಕೋಲನ್, ನಂತರ 80. ಹೀಗೆ: [::]:80. 443ಕ್ಕೂ ಹಾಗೆಯೇ, ಅದರ ನಂತರ ಎಸ್‌ಎಸ್‌ಎಲ್ ಪದ. ಉಳಿಸಿ, ಎನ್‌ಜಿನ್‌ಎಕ್ಸ್ ಆದೇಶಕ್ಕೆ -ಟಿ ಕೊಟ್ಟು ಪರೀಕ್ಷಿಸಿ, ಸರಿ ಎಂದರೆ ಮಾತ್ರ ರೀಲೋಡ್ ಮಾಡಿ. ಇದನ್ನು ಬಿಟ್ಟರೆ ಮುಂದಿನ ನವೀಕರಣ ಮತ್ತೆ 404 ಆಗುತ್ತಿತ್ತು. 2025ರ ಜೂನ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಅವಧಿ ಮುಗಿಯುವ ಎಚ್ಚರಿಕೆಯ ಇಮೇಲ್ ಕಳಿಸುವುದನ್ನೂ ನಿಲ್ಲಿಸಿದೆ, ನಿಮಗೆ ಯಾರೂ ಹೇಳುತ್ತಿರಲಿಲ್ಲ.

ಚಾಲಿಚೀಲ (ಸಿರ್ಸಿ)
ಆಯಿತು. ಎರಡೂ ಸರಿ. ಲಾಗಿನಲ್ಲಿ ಈಗ ಉದ್ದ ವಿಳಾಸಗಳೇ ತುಂಬಿವೆ. ಹುಲೇಕಲ್ಲಿನ ಹಿರಿಯರಿಗೆ ಹೇಗೆ ವಿವರಿಸುವುದೆಂದು ಕಾರ್ಯದರ್ಶಿಯವರು ನನ್ನನ್ನೇ ಕೇಳುತ್ತಿದ್ದಾರೆ.

ನಿವೃತ್ತಮೇಷ್ಟ್ರು (ಸಿದ್ದಾಪುರ)
ವಿವರಿಸಬೇಡಿ. ಮೊಬೈಲಿನಲ್ಲಿ ಕಂಡ ದರದಲ್ಲಿಯೇ ಅವರ ರಾಶಿ ತೆಗೆದುಕೊಳ್ಳಿ.

ಚಾಲಿಚೀಲ (ಸಿರ್ಸಿ)
ವ್ಯತ್ಯಾಸವನ್ನು ನೀವು ಕೊಡುತ್ತೀರಾ ಮೇಷ್ಟರೇ?

ಬೈತಖೋಲ್_ಅಲೆ (ಕಾರವಾರ)
ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ವಿದ್ಯಾರ್ಥಿ. ಇದೇ ಉಬುಂಟು 24.04, ಇದೇ ಎನ್‌ಜಿನ್‌ಎಕ್ಸ್. ಪ್ರಾಜೆಕ್ಟ್ ನನ್ನ ಹೋಮ್ ಫೋಲ್ಡರಿನಲ್ಲಿದೆ. 403 (ಪ್ರವೇಶವಿಲ್ಲ) ಬರುತ್ತದೆ. ಗೆಳೆಯ ಹೇಳಿದಂತೆ ಪ್ರಾಜೆಕ್ಟ್ ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲವೂ) ಅನುಮತಿ ಕೊಟ್ಟೆ, ಆದರೂ ಅದೇ.

ಕಾಳಿಸಂಗಮ (ಕಾರವಾರ)
ಮೊದಲು ಆ 777 ತೆಗೆಯಪ್ಪಾ. ಫೋಲ್ಡರ್ 755, ಫೈಲ್ 644 ಸಾಕು, ಓದುವುದು ಎಲ್ಲರಿಗೂ, ಬರೆಯುವುದು ನಿನಗೆ ಮಾತ್ರ.

ತೊಂದರೆ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಇಲ್ಲ, ಅದರ ಮೇಲಿನದರಲ್ಲಿದೆ. ಉಬುಂಟು 21.04ರಿಂದ ಹೋಮ್ ಫೋಲ್ಡರಿನ ಅನುಮತಿ 750, ಹೊರಗಿನವರಿಗೆ ಒಳಗೆ ಕಾಲಿಡಲೂ ಬಿಡುವುದಿಲ್ಲ. ಎನ್‌ಜಿನ್‌ಎಕ್ಸ್ ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ. ದಾರಿಯ ಪ್ರತಿ ಮೆಟ್ಟಿಲಿಗೂ ಅವನಿಗೆ ‘ಎಕ್ಸ್’ (ಒಳಗೆ ದಾಟುವ) ಅನುಮತಿ ಇರಬೇಕು. ನೇಮ್ಐ ಎಂಬ ಆದೇಶಕ್ಕೆ -ಎಲ್ ಕೊಟ್ಟು ಪೂರ್ತಿ ಪಾಥ್ ಹಾಕು, ಒಂದೊಂದು ಮೆಟ್ಟಿಲಿನ ಅನುಮತಿಯನ್ನೂ ಸಾಲಾಗಿ ತೋರಿಸುತ್ತದೆ. ಹೋಮ್ ಫೋಲ್ಡರನ್ನು ಸಡಿಲ ಮಾಡಬೇಡ, ಪ್ರಾಜೆಕ್ಟನ್ನು ವಾರ್ ಒಳಗಿನ ಡಬ್ಲ್ಯುಡಬ್ಲ್ಯುಡಬ್ಲ್ಯು ಫೋಲ್ಡರಿಗೆ ಸಾಗಿಸು.

ಬೈತಖೋಲ್_ಅಲೆ (ಕಾರವಾರ)
ಹೌದು ಸರ್, ನೀವು ಹೇಳಿದ ಮೆಟ್ಟಿಲಿನಲ್ಲಿಯೇ ಹೊರಗಿನವರಿಗೆ ಮೂರು ಗೀಟು ಮಾತ್ರ ಇತ್ತು. ಸಾಗಿಸಿದೆ, 403 ಹೋಯಿತು. ಈಗ 404 ಬರುತ್ತಿದೆ.

ಕಾಳಿಸಂಗಮ (ಕಾರವಾರ)
ಕಾನ್ಫಿಗ್‌ನಲ್ಲಿ ಫೈಲುಗಳ ಜಾಗ ಹೇಳುವ ರೂಟ್ ಸಾಲು ನೀನು ಸಾಗಿಸಿದ ಜಾಗವನ್ನೇ ಸರಿಯಾಗಿ ತೋರಿಸುತ್ತಿದೆಯೇ ನೋಡು. ಅದು ಸರಿ ಇದ್ದರೆ ಬೇರೆ ಚರ್ಚೆ ತೆರೆ. ದೋಷದ ಲಾಗಿನ ಕೊನೆಯ ಸಾಲನ್ನು ಪೂರ್ತಿ ಹಾಕು, ಬರೀ 404 ಎಂದು ಬರೆಯಬೇಡ.